ಒಂದು ಗಂಟೆಯ ರಕ್ತ, ಹಲವು ವಾರಗಳ ತಲೆನೋವು: ಸ್ವೀಡನ್ನಿನ ಐಸ್ ಹಾಕಿ ಲೀಗ್‌ನ ಪ್ರಕರಣ

ಐಸ್ ಹಾಕಿಯಲ್ಲಿ ಡಿಕ್ಕಿ ಹೊಡೆಯುವುದು ತಪ್ಪಲ್ಲ, ಅದು ಆಟದ ಭಾಗ. ಎದುರಾಳಿಯನ್ನು ಭುಜದಿಂದ ಗುದ್ದಿ ಅಂಚಿನ ಹಲಗೆಗೆ ಒತ್ತಬಹುದು. ಕಾಲಡಿಯಲ್ಲಿ ಜಾರುವ ಮಂಜುಗಡ್ಡೆ, ವೇಗ ಬೇರೆ. ಹೆಲ್ಮೆಟ್ ಇರುತ್ತದೆ ನಿಜ. ಆದರೆ ಹೆಲ್ಮೆಟ್ ಕಾಯುವುದು ತಲೆಬುರುಡೆಯನ್ನು. ಒಳಗಿರುವ ಮಿದುಳು ಅಲುಗಾಡುವುದನ್ನು ಅದು ಪೂರ್ತಿ ತಡೆಯಲಾರದು. ಹಾಗಾಗಿ ಪ್ರತಿ ಸೀಸನ್‌ನಲ್ಲೂ ಒಂದಿಷ್ಟು ಆಟಗಾರರಿಗೆ ಕನ್ಕಶನ್, ಅಂದರೆ ಪೆಟ್ಟಿನಿಂದ ಮಿದುಳು ಅಲುಗಾಡಿ ಅದರ ಕೆಲಸ ಕೆಡುವುದು, ಆಗುವುದು ಖಚಿತ.

ಕನ್ಕಶನ್ ಬಗ್ಗೆ ರಕ್ತ ಪರೀಕ್ಷೆ ಏನು ಹೇಳಬಲ್ಲದು ಅಂತ ನೋಡಲು ಈ ಖಚಿತತೆಯನ್ನೇ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಬಳಸಿಕೊಂಡರು. ಪಶ್ತೂನ್ ಶಾಹಿಮ್, ಹೆನ್ರಿಕ್ ಜೆಟರ್‌ಬರ್ಗ್, ಕಾಯ್ ಬ್ಲೆನ್ನೋ ಮತ್ತು ಅವರ ಜೊತೆಯವರು ದೇಶದ ಅತಿ ಮೇಲಿನ ಲೀಗ್ ಅನ್ನು ಈ ಅಧ್ಯಯನಕ್ಕೆ ಒಪ್ಪಿಸಿದರು. ಆಗ ಅದರ ಹೆಸರು ಎಲಿಟ್‌ಸೆರಿಯೆನ್. 2013ರಲ್ಲಿ ಅದು ಎಸ್‌ಎಚ್‌ಎಲ್ ಆಯಿತು. 12 ತಂಡಗಳೂ ಸೇರಿದವು, ಒಟ್ಟು 288 ಆಟಗಾರರು. 2012ರ ಸೆಪ್ಟೆಂಬರ್ 13ರಿಂದ 2013ರ ಜನವರಿ 31ರವರೆಗೆ ಯಾರ ತಲೆಗೆ ಪೆಟ್ಟು ಬಿದ್ದು ಕನ್ಕಶನ್ ಆದರೂ ಅವರ ರಕ್ತ ತೆಗೆಯಬೇಕು ಅಂತ ನಿಶ್ಚಯವಾಯಿತು.

ಅಷ್ಟು ದಿನಗಳಲ್ಲಿ 35 ಜನರಿಗೆ ಕನ್ಕಶನ್ ಆಯಿತು. ಅವರಲ್ಲಿ 28 ಜನರ ರಕ್ತವನ್ನು ಮತ್ತೆ ಮತ್ತೆ ತೆಗೆದರು: ಪೆಟ್ಟು ಬಿದ್ದ 1 ಗಂಟೆಗೆ, 12 ಗಂಟೆಗೆ, 36 ಗಂಟೆಗೆ, 144 ಗಂಟೆಗೆ, ಆಮೇಲೆ ಮತ್ತೆ ಆಟಕ್ಕಿಳಿಯುವಾಗ ಒಮ್ಮೆ. ಹೋಲಿಸಿ ನೋಡಲು ಎರಡು ತಂಡಗಳ 47 ಆಟಗಾರರ ರಕ್ತವನ್ನು ಸೀಸನ್ ಶುರುವಾಗುವ ಮೊದಲೇ ತೆಗೆದಿಟ್ಟಿದ್ದರು. ಫಲಿತಾಂಶ 2014ರ ಮಾರ್ಚ್‌ನಲ್ಲಿ ಜಾಮಾ ನ್ಯೂರಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ರಕ್ತದಲ್ಲಿ ಅವರು ಹುಡುಕಿದ್ದು ಮೂರು ಪ್ರೋಟೀನ್: ಟೌ, ಎಸ್-100ಬಿ, ಎನ್‌ಎಸ್‌ಇ. ಇದರಲ್ಲಿ ಟೌ ಮುಖ್ಯ. ನರಕೋಶದ ಉದ್ದನೆಯ ಎಳೆಗೆ ಆಕ್ಸಾನ್ ಎನ್ನುತ್ತಾರೆ. ಅದರೊಳಗೆ ಸಾಗಾಟಕ್ಕೆ ಅಂತ ಸಣ್ಣ ಸಣ್ಣ ಕೊಳವೆಗಳಿವೆ. ಚಪ್ಪರದ ಗಳುಗಳನ್ನು ಹಗ್ಗ ಹಿಡಿದಿಟ್ಟ ಹಾಗೆ ಟೌ ಆ ಕೊಳವೆಗಳನ್ನು ಹಿಡಿದಿಡುತ್ತದೆ. ತಲೆ ಗಕ್ಕನೆ ತಿರುಗಿದಾಗ ಆಕ್ಸಾನ್ ಎಳೆದಂತಾಗುತ್ತದೆ. ಹೊರಪೊರೆ ಸೋರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಒಳಗಿನ ಕಟ್ಟೋಣ ಸಡಿಲವಾಗುತ್ತದೆ. ಹೊರಬಿದ್ದ ಪ್ರೋಟೀನ್ ಮಿದುಳಿನ ದ್ರವಕ್ಕೆ ಸೇರಿ, ಅಲ್ಲಿಂದ ಒಂದು ಚೂರು ರಕ್ತಕ್ಕೂ ಬರುತ್ತದೆ.

ಚೂರು ಅಂದರೆ ನಿಜಕ್ಕೂ ಚೂರೇ. ಇದನ್ನು ಅಳೆಯುವುದು ಪಿಕೋಗ್ರಾಮ್‌ನಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಆಸ್ಪತ್ರೆಯ ಮಾಮೂಲಿ ಲ್ಯಾಬ್ ಯಂತ್ರಗಳಿಗೆ ಅಷ್ಟು ಕಡಿಮೆ ಮೊತ್ತ ಕಾಣುತ್ತಿರಲಿಲ್ಲ. ಸಿಮೋವಾ ಎನ್ನುವ ತಂತ್ರ ಬಂದ ಮೇಲೆ ದಾರಿ ತೆರೆಯಿತು. ಅದರಲ್ಲಿ ಪ್ರೋಟೀನ್ ಅಣುಗಳು ಪುಟ್ಟ ಮಣಿಗಳಿಗೆ ಅಂಟಿಕೊಳ್ಳುತ್ತವೆ. ಒಂದೊಂದು ಮಣಿಯನ್ನೂ ಬೇರೆ ಬೇರೆ ಗುಳಿಯಲ್ಲಿ ಕೂರಿಸಿ ಎಷ್ಟು ಹೊಳೆಯುತ್ತವೆ ಅಂತ ಎಣಿಸುತ್ತಾರೆ. ಈ ಯಂತ್ರ ಇಲ್ಲದಿದ್ದರೆ ಸ್ವೀಡನ್ನಿನ ಪ್ರಯೋಗವೇ ಇರುತ್ತಿರಲಿಲ್ಲ.

ಸಿಕ್ಕಿದ್ದು ಹೀಗಿದೆ. ಸೀಸನ್‌ಗೆ ಮೊದಲು ಟೌ ಮಟ್ಟದ ನಡುವಿನ ಅಂಕಿ (ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಅರ್ಧ ಜನರಿಗೆ ಜಾಸ್ತಿ) ಮಿಲಿಲೀಟರಿಗೆ 4.5 ಪಿಕೋಗ್ರಾಮ್. ಕನ್ಕಶನ್ ಆದವರಲ್ಲಿ 10.0. ಎಸ್-100ಬಿ ಕೂಡ ಏರಿತ್ತು. ಎನ್‌ಎಸ್‌ಇಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಟೌ ಅತಿ ಜಾಸ್ತಿ ಇದ್ದದ್ದು ಪೆಟ್ಟು ಬಿದ್ದ ಕೂಡಲೇ, ಅಂದರೆ ಮೊದಲ ಗಂಟೆಯ ರಕ್ತದಲ್ಲಿ. ಸುದ್ದಿಯಾದದ್ದು ಇದರ ಮುಂದಿನ ಮಾತು. ಮೊದಲ ಗಂಟೆಯಲ್ಲಿ ಟೌ ಜಾಸ್ತಿ ಇದ್ದ ಆಟಗಾರ ಮತ್ತೆ ಆಟಕ್ಕೆ ಬರಲು ಜಾಸ್ತಿ ದಿನ ತೆಗೆದುಕೊಂಡಿದ್ದ. ಪೆಟ್ಟು ಬಿದ್ದಿದೆಯೇ ಅಂತ ಹೇಳುವುದಷ್ಟೇ ಅಲ್ಲ, ಎಷ್ಟು ದಿನಕ್ಕೆ ಸರಿ ಹೋಗಬಹುದು ಅಂತಲೂ ರಕ್ತ ಹೇಳಬಹುದು ಎಂಬ ಆಸೆ ಹುಟ್ಟಿತು.

ಆಸೆ ಹುಟ್ಟಿದ್ದು ತಪ್ಪಲ್ಲ. ಕನ್ಕಶನ್ ಆದ ಬಹುತೇಕರ ಸಿ.ಟಿ. ಸ್ಕ್ಯಾನ್ ನಾರ್ಮಲ್ ಬರುತ್ತದೆ. ಡಾಕ್ಟರ ಕೈಯಲ್ಲಿ ಉಳಿಯುವುದು ರೋಗಿ ಹೇಳುವ ಮಾತು ಮಾತ್ರ: ತಲೆನೋವು, ಬೆಳಕು ಸಹಿಸಲಾಗುವುದಿಲ್ಲ, ನಿದ್ದೆ ಸರಿಯಿಲ್ಲ, ಏನೋ ಮಂಕು. ಅದರಲ್ಲೂ ವೃತ್ತಿಪರ ಆಟಗಾರನ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. ಆಟಕ್ಕೆ ಮರಳುವ ಆತುರದಲ್ಲಿ ಅವನು ನೋವನ್ನು ಮುಚ್ಚಿಡುವುದು ಎಲ್ಲರಿಗೂ ಗೊತ್ತಿರುವ ವಿಷಯ. ಸುಳ್ಳು ಹೇಳದ ಒಂದು ಅಂಕಿ ಸಿಕ್ಕರೆ ಯಾರಿಗೆ ಬೇಡ?

ಈಗ ಅದೇ ಅಂಕಿಗಳನ್ನು ಇನ್ನೊಮ್ಮೆ ನೋಡೋಣ. ಗಮನಿಸಬೇಕಾದ ಒಂದು ಸಾಲು ಪ್ರಬಂಧದ ಸಾರಾಂಶದಲ್ಲೇ ಇದೆ. ಸೀಸನ್‌ಗೆ ಮೊದಲು, ಪೆಟ್ಟೇ ಬೀಳದ ಆಟಗಾರರಲ್ಲಿ ಟೌ 0.06ರಿಂದ 22.7ರವರೆಗೆ ಹರಡಿತ್ತು. ಕನ್ಕಶನ್ ಆದವರಲ್ಲಿ 2.0ರಿಂದ 102.0ರವರೆಗೆ. ಅಂದರೆ ಯಾರದೋ ರಕ್ತದಲ್ಲಿ 12 ಬಂದರೆ ಅವನು ಎರಡು ಗುಂಪಿನಲ್ಲಿ ಯಾವುದಕ್ಕೆ ಬೇಕಾದರೂ ಸೇರಬಹುದು. ಗುಂಪನ್ನು ಗುಂಪಿನ ಜೊತೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟ. ಎದುರಿಗೆ ಕುಳಿತ ಒಬ್ಬನ ಬಗ್ಗೆ ಹೇಳಬೇಕು ಅಂದರೆ ಕಷ್ಟ. ಅವನ ಮಾಮೂಲಿ ಮಟ್ಟ ಮೊದಲೇ ಗೊತ್ತಿದ್ದರೆ ಬೇರೆ ಮಾತು. ಆದರೆ ಅದು ಎಷ್ಟು ಜನರಿಗೆ ಗೊತ್ತಿರುತ್ತದೆ?

ಎರಡನೆಯದು ಆ ಒಂದು ಗಂಟೆಯ ವಿಚಾರ. ಆಟಗಾರ ಬಿದ್ದದ್ದು ಕ್ಯಾಮೆರಾ ಮುಂದೆ, ತಂಡದ ಡಾಕ್ಟರ್ ಹತ್ತಿರದಲ್ಲೇ ಇರುವಾಗ. ಪೆಟ್ಟು ಬಿದ್ದ ನಿಮಿಷ ಕೂಡ ಗೊತ್ತು. ಒಂದು ಗಂಟೆಯೊಳಗೆ ರಕ್ತ ತೆಗೆಯುವುದು ಅಲ್ಲಿ ಸಾಧ್ಯ. ನಮ್ಮ ಕಡೆ ಬೈಕಿನಿಂದ ಬಿದ್ದವನನ್ನು ಊಹಿಸಿಕೊಳ್ಳಿ. ಮೊದಲು ಎದ್ದು ಕೂರುತ್ತಾನೆ, ಯಾರೋ ನೀರು ಕೊಡುತ್ತಾರೆ, 'ಏನಿಲ್ಲ ಬಿಡಿ' ಅಂತ ಮನೆಗೆ ಹೋಗುತ್ತಾನೆ. ರಾತ್ರಿ ವಾಂತಿ ಶುರುವಾದ ಮೇಲೆ ಹತ್ತಿರದ ನರ್ಸಿಂಗ್ ಹೋಮ್, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಕೆಲವೊಮ್ಮೆ ಅಲ್ಲಿಂದ ನಿಮ್ಹಾನ್ಸ್. ಅಷ್ಟರಲ್ಲಿ ಟೌ ಏರಿ ಇಳಿಯುವ ಹಾದಿಯಲ್ಲಿ ಎಲ್ಲಿದೆಯೋ ಯಾರಿಗೂ ತಿಳಿಯದು.

ಎಸ್-100ಬಿಗೂ ಇದೇ ತೊಂದರೆ, ಇನ್ನೂ ಸ್ವಲ್ಪ ಜಾಸ್ತಿ. ಅದು ರಕ್ತದಿಂದ ಬೇಗ ಮಾಯವಾಗುತ್ತದೆ. ಜೊತೆಗೆ ತಲೆಗೆ ಪೆಟ್ಟೇ ಬೀಳದಿದ್ದರೂ, ಬರೀ ಓಡಿದರೂ, ಮೂಳೆ ಮುರಿದರೂ ಏರುತ್ತದೆ. ಹಾಗಿದ್ದೂ ಸ್ಕ್ಯಾಂಡಿನೇವಿಯಾದ ವೈದ್ಯರು ಅದಕ್ಕೊಂದು ಒಳ್ಳೆಯ ಕೆಲಸ ಹುಡುಕಿಕೊಟ್ಟರು. 2013ರ ಅವರ ಮಾರ್ಗಸೂಚಿ ಪ್ರಕಾರ, ತಲೆಗೆ ಸಣ್ಣ ಪೆಟ್ಟಾಗಿ ಅಪಾಯ ಕಡಿಮೆ ಇರುವ ವಯಸ್ಕರು ಆರು ಗಂಟೆಯೊಳಗೆ ಬಂದರೆ ಎಸ್-100ಬಿ ನೋಡಬಹುದು. ಅದು ಲೀಟರಿಗೆ 0.10 ಮೈಕ್ರೋಗ್ರಾಮ್‌ಗಿಂತ ಕಡಿಮೆ ಇದ್ದರೆ ಸಿ.ಟಿ. ಮಾಡದೆ ಮನೆಗೆ ಕಳಿಸಬಹುದು. ಇಲ್ಲಿ ಪ್ರಶ್ನೆ 'ಈಗ ತಲೆಯೊಳಗೆ ರಕ್ತಸ್ರಾವ ಇದೆಯೇ' ಅಂತ. 'ಮುಂದಿನ ತಿಂಗಳು ಇವನು ಹೇಗಿರುತ್ತಾನೆ' ಅಂತ ಅಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳು. ಈ ಕ್ಷೇತ್ರದ ಅರ್ಧ ಗೊಂದಲ ಇವೆರಡನ್ನು ಒಂದೇ ಅಂದುಕೊಳ್ಳುವುದರಿಂದ ಬಂದಿದೆ ಅಂತ ನನಗನಿಸುತ್ತದೆ.

ಮೂರನೆಯ ಮಾತನ್ನು ಜನ ಕಡಿಮೆ ಗಮನಿಸುತ್ತಾರೆ. ಚೇತರಿಕೆ ಅಂತ ಸ್ವೀಡನ್ನಿನಲ್ಲಿ ಅಳೆದದ್ದು ಏನನ್ನು? ಆಟಕ್ಕೆ ಮರಳಿದ ದಿನವನ್ನು. ಅದು ಮಿದುಳು ಸರಿಯಾದ ದಿನ ಅಲ್ಲ, ಡಾಕ್ಟರ್ ಸರಿ ಅಂದ ದಿನ. 2012ರ ಕೊನೆಯಲ್ಲಿ ಜೂರಿಚ್‌ನಲ್ಲಿ ತಜ್ಞರು ಸೇರಿ ಒಪ್ಪಿಕೊಂಡ ಕ್ರಮದಲ್ಲಿ ಆರು ಮೆಟ್ಟಿಲುಗಳಿದ್ದವು. ಮೊದಲು ವಿಶ್ರಾಂತಿ, ಆಮೇಲೆ ಹಗುರ ವ್ಯಾಯಾಮ, ಆಟಕ್ಕೆ ತಕ್ಕ ಅಭ್ಯಾಸ, ಮೈ ತಾಗದ ಅಭ್ಯಾಸ, ಮೈ ತಾಗುವ ಅಭ್ಯಾಸ, ಕೊನೆಗೆ ಆಟ. ಪ್ರತಿ ಮೆಟ್ಟಿಲಿಗೂ ಒಂದು ದಿನ. ಲಕ್ಷಣ ಮರುಕಳಿಸಿದರೆ ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ಎಷ್ಟೇ ಬೇಗ ಸರಿಹೋದರೂ ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ. ಅದರ ಮೇಲೆ ಮುಂದಿನ ಪಂದ್ಯ ಯಾವಾಗ, ಹಿಂದೆ ಎಷ್ಟು ಸಲ ಕನ್ಕಶನ್ ಆಗಿದೆ, ಆಟಗಾರ ಏನನ್ನು ಮುಚ್ಚಿಟ್ಟ, ಇವೆಲ್ಲ ಸೇರಿ ಆ ದಿನ ತೀರ್ಮಾನವಾಗುತ್ತದೆ. ರಕ್ತದ ಪ್ರೋಟೀನ್ ಎಷ್ಟು ಚೆನ್ನಾಗಿ ಅಳೆದರೂ, ಅದನ್ನು ತಾಳೆ ನೋಡುವ ಗುರುತೇ ಅಲುಗಾಡುತ್ತಿದ್ದರೆ ಏನು ಮಾಡುವುದು?

ಹಾಗಾದರೆ ಬೇರೆ ಕಡೆ ಇದೇ ಪ್ರಯೋಗ ಮಾಡಿದಾಗ ಏನಾಯಿತು? ಕಥೆ ಕುತೂಹಲದ್ದು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಕ್ರೀಡಾಪಟುಗಳ ಮೇಲೆ ಜೆಸ್ಸಿಕಾ ಗಿಲ್ ಮತ್ತು ತಂಡ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 632 ಜನರ ರಕ್ತವನ್ನು ಮೊದಲೇ ತೆಗೆದಿಟ್ಟಿದ್ದರು. ಅವರಲ್ಲಿ 43 ಜನರಿಗೆ ಕನ್ಕಶನ್ ಆಯಿತು. ಆಟಕ್ಕೆ ಮರಳಲು 10 ದಿನಕ್ಕಿಂತ ಜಾಸ್ತಿ ಹಿಡಿದವರಲ್ಲಿ ಆರು ಗಂಟೆ ಹೊತ್ತಿಗೆ ಟೌ ಜಾಸ್ತಿ ಇತ್ತು. ಸ್ವೀಡನ್ನಿನ ಮಾತಿಗೆ ಸಾಕ್ಷಿ ಸಿಕ್ಕಿತು ಅನ್ನಿಸಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇತ್ತು. ಪೆಟ್ಟು ಬೀಳದ ದಿನಗಳಲ್ಲೂ ಆಟಗಾರರ ಟೌ ಆಟವಾಡದವರಿಗಿಂತ ಜಾಸ್ತಿಯೇ ಇತ್ತು. ಮೈ ದಣಿದರೂ ಟೌ ಏರಬಹುದು ಎಂಬ ಅನುಮಾನ ಅಲ್ಲಿಂದ ಬಲವಾಯಿತು.

2020ರಲ್ಲಿ ಅಮೆರಿಕದಲ್ಲಿ ಕನ್ಕಶನ್ ಅಧ್ಯಯನ ಮಾಡುವ ಕೇರ್ ಒಕ್ಕೂಟದ 127 ಕಾಲೇಜು ಕ್ರೀಡಾಪಟುಗಳ ಫಲಿತಾಂಶ ಬಂತು. ಅದರ ಹಿಂದೆಯೂ ಗಿಲ್ ಅವರ ತಂಡವೇ ಇತ್ತು. ಈ ಸಲ ರಕ್ತ ತೆಗೆದದ್ದು ಪೆಟ್ಟಿನ ನಂತರ 24ರಿಂದ 48 ಗಂಟೆಯ ನಡುವೆ. ಫಲಿತಾಂಶ ಪೂರ್ತಿ ತಿರುಗುಮುರುಗು. 14 ದಿನ ಅಥವಾ ಇನ್ನೂ ಜಾಸ್ತಿ ಹೊರಗಿದ್ದವರಲ್ಲಿ ಟೌ ಕಡಿಮೆ, ಬೇಗ ಮರಳಿದವರಲ್ಲಿ ಜಾಸ್ತಿ! ಅದೇ ಪ್ರೋಟೀನ್, ಅದೇ ಪ್ರಶ್ನೆ. ಆದರೆ ಉತ್ತರದ ದಿಕ್ಕೇ ಬದಲಾಯಿತು. ಇದನ್ನು ವಿವರಿಸಲು ಹಲವು ಊಹೆಗಳಿವೆ. ಆದರೆ ದಿಕ್ಕೇ ನಿಂತಿಲ್ಲದ ಅಂಕಿಯನ್ನು ನಂಬಿ ಆಟಗಾರನಿಗೆ 'ನೀನು ಹತ್ತು ದಿನ ಕೂರು' ಅನ್ನಲು ಯಾವ ಡಾಕ್ಟರಿಗೂ ಧೈರ್ಯ ಬರುವುದಿಲ್ಲ, ಅಲ್ವಾ?

ಇದಕ್ಕೆ ಕಾರಣ ಇರಬಹುದಾದ ಒಂದು ವಿಷಯ ಆಮೇಲೆ ಗೋಥೆನ್‌ಬರ್ಗ್‌ನಿಂದಲೇ ಬಂತು. ಟೌ ಬರೀ ಮಿದುಳಿನ ಸ್ವತ್ತಲ್ಲ. ಮೈಯ ಬೇರೆ ಭಾಗದ ನರಗಳು ಮತ್ತು ಅಂಗಾಂಗಗಳಲ್ಲೂ ತಯಾರಾಗುತ್ತದೆ. ರಕ್ತದಲ್ಲಿ ಒಟ್ಟು ಟೌ ಅಳೆದರೆ ಎಲ್ಲವೂ ಕಲಬೆರಕೆಯಾಗುತ್ತದೆ. ಬ್ಲೆನ್ನೋ ಮತ್ತು ಜೆಟರ್‌ಬರ್ಗ್ ಇದ್ದ ಗುಂಪು ಮಿದುಳಿನಿಂದ ಬಂದ ಟೌ ಅನ್ನು ಮಾತ್ರ ಹಿಡಿಯುವ ಪರೀಕ್ಷೆ ರೂಪಿಸಿ 2023ರಲ್ಲಿ ಪ್ರಕಟಿಸಿತು. ಅದನ್ನು ಮೊದಲು ಗುರಿಯಿಟ್ಟದ್ದು ಆಲ್ಜೈಮರ್ ಕಡೆಗೆ. ಆದರೂ ಹಳೆಯ ಹಾಕಿ ಪ್ರಕರಣದ ತೊಡಕಿಗೆ ಇದು ನೇರ ಉತ್ತರ ಅಂತ ನಾನು ಓದಿಕೊಳ್ಳುತ್ತೇನೆ.

ಅದೇ ಸ್ವೀಡಿಷ್ ತಂಡ ಹಾಕಿ ಆಟಗಾರರನ್ನು ಬಿಡಲಿಲ್ಲ. ಈ ಸಲ ಅವರು ನ್ಯೂರೋಫಿಲಮೆಂಟ್ ಲೈಟ್ ಎನ್ನುವ ಪ್ರೋಟೀನ್ ಹಿಡಿದರು, ಚಿಕ್ಕದಾಗಿ ಎನ್‌ಎಫ್‌ಎಲ್. ಇದು ದಪ್ಪ ಆಕ್ಸಾನ್‌ಗಳ ಒಳಗಿನ ಅಸ್ಥಿಪಂಜರದ ಭಾಗ. ಟೌ ಥರ ಇದು ಧಡಕ್ಕನೆ ಏರಿ ಇಳಿಯುವುದಿಲ್ಲ. ದಿನಗಳಲ್ಲಿ ನಿಧಾನವಾಗಿ ಏರುತ್ತದೆ, ವಾರಗಟ್ಟಲೆ ನಿಲ್ಲುತ್ತದೆ. ಬಹಳ ದಿನ ಲಕ್ಷಣ ಉಳಿದವರಲ್ಲಿ, ಲಕ್ಷಣ ಹೋಗದೆ ಆಟವನ್ನೇ ಬಿಟ್ಟವರಲ್ಲಿ ಇದು ಜಾಸ್ತಿ ಇತ್ತು.

2016ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೆನ್ನುಹುರಿಯ ದ್ರವವನ್ನೇ ತೆಗೆದು ನೋಡಿದರು. 16 ಆಟಗಾರರು, ಎಲ್ಲರಿಗೂ ಮೂರು ತಿಂಗಳು ದಾಟಿದರೂ ಹೋಗದ ಲಕ್ಷಣಗಳು. ಅವರಲ್ಲಿ 7 ಜನ ಒಂದು ವರ್ಷದೊಳಗೆ ಆಟಕ್ಕೆ ಮರಳಿದರು. 9 ಜನರಿಗೆ ವರ್ಷ ದಾಟಿದರೂ ಬಿಡಲಿಲ್ಲ. ಎನ್‌ಎಫ್‌ಎಲ್ ಏರಿದ್ದು ಈ 9 ಜನರಲ್ಲಿ. ನನಗೆ ಇಡೀ ಸರಣಿಯಲ್ಲಿ ಹೆಚ್ಚು ತೂಕದ್ದು ಅನ್ನಿಸುವುದು ಇದೇ, ಸಂಖ್ಯೆ ಸಣ್ಣದಾದರೂ. ಇಷ್ಟು ತಡವಾಗಿಯೂ ಲಕ್ಷಣ ಉಳಿದವರಲ್ಲಿ ಒಂದಿಷ್ಟು ಜನರ ಆಕ್ಸಾನ್‌ಗಳಿಗೆ ನಿಜಕ್ಕೂ ಹಾನಿಯಾಗಿದೆ ಅಂತ ಇದು ತೋರಿಸುತ್ತದೆ. 'ಎಲ್ಲ ಮನಸ್ಸಿನದು, ಸುಮ್ನೆ ಯೋಚನೆ ಮಾಡಬೇಡಿ' ಅಂತ ಬೈಸಿಕೊಂಡು ಬಂದವರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಇಲ್ಲೂ ಒಂದು ಮಾತು ಉಂಟು. ಲಕ್ಷಣ ವರ್ಷ ಉಳಿದ ಮೇಲೆ ಎನ್‌ಎಫ್‌ಎಲ್ ಜಾಸ್ತಿ ಅಂತ ತೋರಿಸುವುದು ಮುನ್ಸೂಚನೆ ಅಲ್ಲ. ಅದು ಹಿಂದಕ್ಕೆ ನೋಡಿ ಕೊಟ್ಟ ವಿವರಣೆ.

ಈಗ ಆಟದ ಅಂಗಳ ಬಿಟ್ಟು ಎಮರ್ಜೆನ್ಸಿ ವಾರ್ಡಿಗೆ ಬರೋಣ. 2018ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕನ್ಕಶನ್ ಶಂಕೆ ಇರುವ ವಯಸ್ಕರಿಗೆ ಮೊದಲ ರಕ್ತ ಪರೀಕ್ಷೆಗೆ ಅನುಮತಿ ಕೊಟ್ಟಿತು. ಬನ್ಯನ್ ಕಂಪನಿಯ ಪರೀಕ್ಷೆ ಅದು. ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಎಂಬ ಎರಡು ಪ್ರೋಟೀನ್ ಅಳೆಯುತ್ತದೆ. ಒಂದು ನರಕೋಶಗಳಿಗೆ ಆಸರೆಯಾದ ಆಸ್ಟ್ರೋಸೈಟ್ ಕೋಶಗಳದ್ದು, ಇನ್ನೊಂದು ನರಕೋಶದ್ದೇ. ಪೆಟ್ಟು ಬಿದ್ದ 12 ಗಂಟೆಯೊಳಗೆ ರಕ್ತ ತೆಗೆಯಬೇಕು. ಎರಡೂ ಕಡಿಮೆ ಇದ್ದರೆ ಸಿ.ಟಿ.ಯಲ್ಲಿ ಗಾಯ ಕಾಣದಿರುವ ಸಾಧ್ಯತೆ 99.6%. ಆಮೇಲೆ ಅಬಾಟ್ ಕಂಪನಿಯ ಕೈಯಲ್ಲಿ ಹಿಡಿಯುವ ಯಂತ್ರವೂ ಬಂತು. 2024ರ ಏಪ್ರಿಲ್‌ನಲ್ಲಿ ಅನುಮತಿ ಪಡೆದ ಅದರ ಹೊಸ ಪರೀಕ್ಷೆ ನೇರವಾಗಿ ರಕ್ತದಿಂದಲೇ ಸುಮಾರು 15 ನಿಮಿಷದಲ್ಲಿ ಉತ್ತರ ಕೊಡುತ್ತದೆ.

ಗಮನಿಸಿ, ಈ ಅನುಮತಿ ಕೂಡ ಸಿ.ಟಿ. ಬೇಕೇ ಬೇಡವೇ ಅನ್ನುವ ಪ್ರಶ್ನೆಗೆ. ಚೇತರಿಕೆಯ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಹಾಗಾದರೆ ಇದೇ ಪ್ರೋಟೀನ್‌ಗಳು ಚೇತರಿಕೆಯನ್ನೂ ಹೇಳಬಲ್ಲವೇ? 2022ರಲ್ಲಿ ಟ್ರ್ಯಾಕ್-ಟಿಬಿಐ ಎಂಬ ಅಮೆರಿಕದ ತಲೆಪೆಟ್ಟಿನ ದೊಡ್ಡ ಅಧ್ಯಯನ 1,696 ಜನರ ರಕ್ತದಿಂದ ಉತ್ತರ ಕೊಟ್ಟಿತು. ಅದರಲ್ಲಿ ಸಣ್ಣ ಪೆಟ್ಟಿನವರೂ ಇದ್ದರು, ಭಾರಿ ಪೆಟ್ಟಿನವರೂ ಇದ್ದರು. ಅಲ್ಲಿ ಬಳಸಿದ ಅಳತೆ ಹೀಗೆ. ಸರಿಹೋದ ಒಬ್ಬನನ್ನೂ ಸರಿಹೋಗದ ಒಬ್ಬನನ್ನೂ ಕಣ್ಣು ಮುಚ್ಚಿ ಆರಿಸಿ. ರಕ್ತದ ಅಂಕಿ ನೋಡಿ ಯಾರು ಯಾವುದು ಅಂತ ಹೇಳಿ. ಎಷ್ಟು ಸಲ ಸರಿ ಹೇಳುತ್ತೀರೋ ಅಷ್ಟು ಅಂಕ. ನಾಣ್ಯ ಚಿಮ್ಮಿದರೂ 0.50 ಸಿಗುತ್ತದೆ. ಆರು ತಿಂಗಳೊಳಗೆ ಯಾರು ಸಾಯುತ್ತಾರೆ ಎಂಬುದಕ್ಕೆ ಜಿಎಫ್‌ಎಪಿ ಪಡೆದದ್ದು 0.87. ತೀವ್ರ ಅಂಗವೈಕಲ್ಯ ಅಥವಾ ಸಾವು ಎರಡನ್ನೂ ಸೇರಿಸಿದರೆ 0.86. ಯಾರು ಪೂರ್ತಿ ಮೊದಲಿನಂತಾಗುವುದಿಲ್ಲ ಎಂಬುದಕ್ಕೆ? 0.62.

ಸಣ್ಣ ಪೆಟ್ಟು ಬಿದ್ದವನು ಕೇಳುವುದು ಈ ಕೊನೆಯ ಪ್ರಶ್ನೆಯನ್ನೇ. ಸಾಯುತ್ತೇನಾ ಅಂತ ಅವನು ಕೇಳುವುದಿಲ್ಲ. ಸೋಮವಾರದಿಂದ ಕೆಲಸಕ್ಕೆ ಹೋಗಬಹುದಾ, ಲ್ಯಾಪ್‌ಟಾಪ್ ನೋಡಿದರೆ ತಲೆ ಸಿಡಿಯುವುದು ಯಾವಾಗ ನಿಲ್ಲುತ್ತೆ ಅಂತ ಕೇಳುತ್ತಾನೆ. ಅಲ್ಲಿ ರಕ್ತದ ಅಂಕಿ ನಾಣ್ಯಕ್ಕಿಂತ ಸ್ವಲ್ಪ ಮಾತ್ರ ಮೇಲು.

ಏಕೆ ಹೀಗೆ? ಇದೇ ಟ್ರ್ಯಾಕ್-ಟಿಬಿಐ 2019ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತ್ತು. ಸಣ್ಣ ಪೆಟ್ಟಿನ 1,154 ಜನರನ್ನು, ತಲೆಗೆ ಪೆಟ್ಟಾಗದೆ ಕೈಕಾಲಿಗೆ ಗಾಯವಾದವರ ಜೊತೆ ಹೋಲಿಸಿದ್ದರು. ಒಂದು ವರ್ಷದ ನಂತರವೂ ತಲೆಪೆಟ್ಟಿನವರಲ್ಲಿ 53% ಜನ ದಿನನಿತ್ಯದ ಕೆಲಸದಲ್ಲಿ ಏನಾದರೊಂದು ತೊಡಕು ಇದೆ ಅಂದರು. ಗಾಬರಿಯಾಗುವ ಸಂಖ್ಯೆ. ಆದರೆ ಕೈಕಾಲಿಗೆ ಗಾಯವಾದವರಲ್ಲೂ 38% ಜನ ಹಾಗೇ ಅಂದರು! ಅವರ ಮಿದುಳಿಗೆ ಏನೂ ಆಗಿರಲಿಲ್ಲ. ಅಂದರೆ ತೊಡಕಿನ ದೊಡ್ಡ ಪಾಲು ಅಪಘಾತದ್ದು, ನೋವಿನದ್ದು, ನಿದ್ದೆಗೆಟ್ಟದ್ದು, ಕೆಲಸ ತಪ್ಪಿದ್ದು, ಮೊದಲೇ ಇದ್ದ ಆತಂಕ ಕೆದಕಿದ್ದು. ಇದಾವುದೂ ಟೌ ಅಥವಾ ಜಿಎಫ್‌ಎಪಿಯಲ್ಲಿ ಕಾಣುವುದಿಲ್ಲ. ಪ್ರೋಟೀನ್ ಹೇಳುವುದು ಎಷ್ಟು ಒಡೆಯಿತು ಅಂತ. ಒಡೆದದ್ದರ ಜೊತೆ ಒಬ್ಬ ಮನುಷ್ಯ ಹೇಗೆ ಬದುಕುತ್ತಾನೆ ಅನ್ನುವುದಕ್ಕೆ ಬೇರೆ ಲೆಕ್ಕ ಬೇಕು.

ಸ್ವೀಡನ್ನಿನ ಆಟಗಾರರಲ್ಲಿ ಟೌ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೂ ಇಲ್ಲೇ ಕಾರಣ ಇದೆ ಅಂತ ನನ್ನ ಅನಿಸಿಕೆ. ಅವರೆಲ್ಲ ಗಟ್ಟಿಮುಟ್ಟಾದ ಗಂಡಸರು. ಕೆಲಸ ಭದ್ರ, ಡಾಕ್ಟರ್ ಜೊತೆಯಲ್ಲೇ ಇದ್ದಾರೆ, ಆರಾಮಾಗಿ ಮಲಗಲು ಬಿಡುವು ಇದೆ. ಬೇರೆ ಗದ್ದಲವೆಲ್ಲ ಕಡಿಮೆಯಾದಾಗ ಜೀವಶಾಸ್ತ್ರದ ದನಿ ಕೇಳಿಸಿತು. ಮೂವರು ಮಕ್ಕಳಿರುವ, ಮೊದಲೇ ಮೈಗ್ರೇನ್ ಇರುವ, ನಾಲ್ಕನೇ ದಿನಕ್ಕೆ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗಲೇಬೇಕಾದ ಹೆಂಗಸಿನಲ್ಲಿ ಅದೇ ಅಂಕಿ ಅದೇ ಮಾತು ಹೇಳುತ್ತದೆ ಅಂತ ನಂಬಲು ಆಧಾರ ಇಲ್ಲ.

2025ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ದೇಶಗಳ ತಜ್ಞರು ತಲೆಪೆಟ್ಟನ್ನು ವರ್ಗ ಮಾಡುವ ಹೊಸ ಕ್ರಮವನ್ನು ಮುಂದಿಟ್ಟರು. ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಹಣೆಪಟ್ಟಿ ಹಚ್ಚುವ ಬದಲು ನಾಲ್ಕು ಕಂಬ ನೋಡಿ ಅಂದರು: ರೋಗಿಯ ಸ್ಥಿತಿ, ರಕ್ತದ ಗುರುತು, ಸ್ಕ್ಯಾನ್, ಮತ್ತು ಫಲಿತಾಂಶವನ್ನು ಬದಲಿಸುವ ಇತರ ಸಂಗತಿಗಳು. ಪೆಟ್ಟು ಹೇಗೆ ಬಿತ್ತು, ಮೊದಲು ಏನಿತ್ತು, ಮನೆ ಪರಿಸ್ಥಿತಿ ಏನು, ಎಲ್ಲವೂ ಆ ನಾಲ್ಕನೆಯದರಲ್ಲಿ ಬರುತ್ತದೆ. ರಕ್ತಕ್ಕೆ ಸಿಕ್ಕಿದ್ದು ನಾಲ್ಕರಲ್ಲಿ ಒಂದು ಜಾಗ. 2014ರ ಉತ್ಸಾಹದ ಪಕ್ಕದಲ್ಲಿಟ್ಟು ನೋಡಿದರೆ ಇದು ಹಿಂದೆ ಸರಿದ ಹಾಗೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಮೊದಲ ಸಲ ಆ ಅಂಕಿಗೆ ಅದರ ಅಳತೆಗೆ ತಕ್ಕ ಕೆಲಸ ಸಿಕ್ಕಿದೆ.

ತಲೆಗೆ ಪೆಟ್ಟಾಗಿ ಎರಡು ಮೂರು ವಾರ ಕಳೆದವರು 'ಹೊರಗೆ ಎನ್‌ಎಫ್‌ಎಲ್ ಟೆಸ್ಟ್ ಮಾಡಿಸಲಾ' ಅಂತ ಕೇಳಬಹುದು. ಒಬ್ಬರ ಎನ್‌ಎಫ್‌ಎಲ್ ವಯಸ್ಸಾದಂತೆ ತಾನಾಗಿ ಏರುತ್ತದೆ. ಕಿಡ್ನಿ ಸರಿಯಿಲ್ಲದಿದ್ದರೂ ಏರುತ್ತದೆ. ಮೈ ದಪ್ಪ ಇದ್ದರೆ ಕಡಿಮೆ ತೋರುತ್ತದೆ. ಪೆಟ್ಟಿಗೆ ಮೊದಲಿನ ಅಂಕಿ ಕೈಯಲ್ಲಿಲ್ಲದೆ ಒಂದೇ ಸಲದ ಫಲಿತಾಂಶದಿಂದ ಚೇತರಿಕೆಯ ದಿನ ಹೇಳಲು ಆಗುವುದಿಲ್ಲ. ಅದೇ ದುಡ್ಡು ಮತ್ತು ಸಮಯಕ್ಕೆ ಇನ್ನೊಮ್ಮೆ ಡಾಕ್ಟರನ್ನು ಕಂಡು ತಲೆನೋವು, ನಿದ್ದೆ, ತಲೆಸುತ್ತು, ಮನಸ್ಸಿನ ಸ್ಥಿತಿ ಎಲ್ಲವನ್ನೂ ಬಿಡಿಸಿ ಹೇಳುವುದು ವಾಸಿ. ಎರಡು ಮೂರು ವಾರದ ಹೊತ್ತಿಗೆ ಉಳಿದಿರುವ ಲಕ್ಷಣಗಳು ಮುಂದಿನ ತಿಂಗಳುಗಳ ಬಗ್ಗೆ ಸಾಕಷ್ಟು ಹೇಳುತ್ತವೆ. ಅವುಗಳಲ್ಲಿ ಹಲವಕ್ಕೆ ಚಿಕಿತ್ಸೆಯೂ ಇದೆ.